ನಾನು ತಿದ್ದದೆ ಬಿಟ್ಟ ಒಂದು ಸಾವು

ಪತ್ರಿಕೆಯ ಕೆಲಸಕ್ಕೆ ಸೇರುವ ಹುಡುಗರು ಈಗಲೂ ಆಗೀಗ ನನ್ನ ಮನೆಗೆ ಬರುತ್ತಾರೆ. ವರದಿಗಾರನಿಗೆ ಮುಖ್ಯವಾಗಿ ಬೇಕಾದದ್ದು ಏನು ಎಂದು ಕೇಳುತ್ತಾರೆ. ಧೈರ್ಯ, ಸತ್ಯನಿಷ್ಠೆ ಎಂಬಂಥ ಉತ್ತರಕ್ಕೆ ಕಾದು ಕೂತಿರುತ್ತಾರೆ. ರೈಲಿನ ವೇಳೆ ಬಾಯಿಪಾಠವಾಗಿರಬೇಕು ಎಂದು ನಾನು ಹೇಳಿದರೆ ಮುದುಕನಿಗೆ ಅರುಳುಮರುಳು ಎಂದುಕೊಂಡು ಎದ್ದುಹೋಗುತ್ತಾರೆ. ಹೋದವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮದ್ರಾಸು ಸರ್ಕಾರದ ಕಾಲದಲ್ಲಿ ನಾನು ಬಳ್ಳಾರಿಯ ಒಂದು ವಾರಪತ್ರಿಕೆಗೆ ಹೊಸಪೇಟೆಯ ವರದಿಗಾರನಾಗಿದ್ದೆ. ಹಂಪಿ, ಕಂಪ್ಲಿ, ದರೋಜಿ ನನ್ನ ಪಾಲಿಗೆ ಬಂದಿದ್ದವು. ಸಂಡೂರು ಬೇರೆ ರಾಜರ ಸೀಮೆಯಾದರೂ ಅಲ್ಲಿಯ ಸುದ್ದಿಯನ್ನೂ ನಾನೇ ತರಬೇಕಿತ್ತು. ಪತ್ರಿಕೆ ಗುರುವಾರ ರಾತ್ರಿ ಅಚ್ಚಾಗುತ್ತಿತ್ತು. ಅಂದು ಸಂಜೆ ಐದೂವರೆಗೆ ಹೊಸಪೇಟೆ ಬಿಡುವ ರೈಲಿನ ಗಾರ್ಡಿನ ಕೈಗೆ ನನ್ನ ಲಕೋಟೆ ಸೇರಿದರೆ, ಬಳ್ಳಾರಿ ಸ್ಟೇಷನ್ನಿನಲ್ಲಿ ಪ್ರೆಸ್ಸಿನ ಆಳು ಅದನ್ನು ಇಸಿದುಕೊಂಡು ಓಡುತ್ತಿದ್ದ. ಸೇರದಿದ್ದರೆ ಸುದ್ದಿ ಒಂದು ವಾರ ಹಳಸುತ್ತಿತ್ತು.

ಆದ್ದರಿಂದ ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದ, ಯಾರೂ ಒಪ್ಪಿಕೊಳ್ಳದ ಒಂದು ಪದ್ಧತಿ ಬೆಳೆದಿತ್ತು. ಗುರುವಾರ ಸಂಜೆ ನಡೆಯಬೇಕಾದದ್ದನ್ನು ಮಧ್ಯಾಹ್ನವೇ ಕಾಗದದ ಮೇಲೆ ನಡೆಸಿಬಿಡುವುದು. ಸಭೆ ತುಂಬಿತ್ತು, ಭಾಷಣ ಮನಮುಟ್ಟುವಂತಿತ್ತು, ವಂದನಾರ್ಪಣೆಯೊಂದಿಗೆ ಮುಗಿಯಿತು. ಹತ್ತರಲ್ಲಿ ಒಂಬತ್ತು ಸಲ ಲೋಕ ನನ್ನ ವರದಿಗೆ ತಕ್ಕಂತೆ ನಡೆದುಕೊಳ್ಳುತ್ತಿತ್ತು. ಹತ್ತನೆಯ ಸಲ ಮದ್ರಾಸಿನಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ಹಂಪಿಯ ಕಲ್ಲಿನ ರಥದ ಮುಂದೆ ಮೂಕವಿಸ್ಮಿತರಾಗಿ ನಿಂತರು ಎಂದು ನಾನು ಬರೆದು ಕಳಿಸಿದೆ. ಅವರು ಹೊಟ್ಟೆಕೆಟ್ಟು ಇಡೀ ದಿನ ರೈಲಿನ ಡಬ್ಬಿಯಿಂದ ಇಳಿಯಲೇ ಇಲ್ಲ. ಮುಂದಿನ ವಾರ ನಮ್ಮ ಸಂಪಾದಕರು ಮೊದಲ ಪುಟದಲ್ಲೇ ತಿದ್ದುಪಡಿ ಹಾಕಿದರು.

ಸಂಪಾದಕರ ವಿಷಯದಲ್ಲಿ ಎರಡು ಮಾತು ಸಾಕು. ತಪ್ಪು ಎಷ್ಟು ಸಣ್ಣದಾದರೂ ಅವರು ತಿದ್ದುಪಡಿ ಹಾಕದೆ ಬಿಟ್ಟವರಲ್ಲ. 'ಮಹಾ' ಎಂಬ ಮಾತು ಕಂಡಲ್ಲೆಲ್ಲ ಅವರ ಕೆಂಪು ಪೆನ್ಸಿಲು ತಾನಾಗಿ ಇಳಿಯುತ್ತಿತ್ತು. "ದೊಡ್ಡವನು ಅಂತ ಬರೀಬ್ಯಾಡ್ರಿ. ಏನು ಮಾಡಿದ ಅಂತ ಬರೀರಿ. ದೊಡ್ಡವನೋ ಅಲ್ಲವೋ ಓದೋವ್ರು ನೋಡಿಕೊಳ್ತಾರ" ಎನ್ನುತ್ತಿದ್ದರು. ಅವರ ಕೈಕೆಳಗೆ ನಾಲ್ಕು ವರ್ಷ ಪಳಗಿದ ಮೇಲೆ ನಾನು ಕಂಪ್ಲಿಯಲ್ಲಿ ಎರೆಯಪ್ಪ ನಾಯಕನ ಬಯಲಾಟ ನೋಡಿದೆ.

ಕಥೆ ಇಷ್ಟು. ಎರೆಯಪ್ಪ ನಾಯಕ ಒಂದು ಸಣ್ಣ ಗುಡ್ಡದ ಕೋಟೆಯ ಒಡೆಯ. ಕೆಳಗೆ ಅವನದಕ್ಕಿಂತ ಹತ್ತು ಪಟ್ಟು ದೊಡ್ಡ ದಂಡು ಬಂದು ಬೀಡುಬಿಟ್ಟಿದೆ. ಆಟದ ಮುಕ್ಕಾಲು ಭಾಗ ಎರಡೂ ಕಡೆಯವರ ಬಡಾಯಿ. ಕೊನೆಗೆ ದಂಡನಾಯಕ ಒಂದು ಷರತ್ತು ಹಾಕುತ್ತಾನೆ. ಅವನಿಗೆ ಕಪ್ಪ ಬೇಡ, ಕೋಟೆಯೂ ಬೇಡ. ನಾಯಕ ಬಂದು ತನ್ನ ಕೈಯಾರೆ ಒಂದು ವೀಳ್ಯ ಕೊಟ್ಟರೆ ಸಾಕು, ದಂಡು ಹಿಂದಿರುಗುತ್ತದೆ. ಹಾಗೆ ಕೊಟ್ಟವನು ಕೈಕೆಳಗಿನವನೆಂದು ಒಪ್ಪಿದಂತೆ. ನಾಯಕ ವೀಳ್ಯದ ತಟ್ಟೆಯನ್ನು ಎಡಗಾಲಿನಿಂದ ಒದೆಯುತ್ತಾನೆ. ಆಮೇಲೆ ಕೋಟೆಯ ಏಳುನೂರು ಮಂದಿ ಹಾಡಿನ ಒಂದೇ ಸಾಲಿನಲ್ಲಿ ಸಾಯುತ್ತಾರೆ. ನಾಯಕನಿಗೆ ಮಾತ್ರ ಸಾಯಲು ನಾಲ್ಕು ಪದ ಬೇಕು.

ತಟ್ಟೆ ಒದ್ದಾಗ ಚೆಲ್ಲಿದ ಎಲೆಗಳನ್ನು ಮುಂದೆ ಕೂತ ಹೆಂಗಸರು ಮುಗಿಬಿದ್ದು ಆರಿಸಿಕೊಳ್ಳುತ್ತಿದ್ದರು. ಗಂಡುಮಗುವಿನ ತೊಟ್ಟಿಲಿಗೆ ಆ ಎಲೆ ಹಾಕಿದರೆ ಮಗು ನಾಯಕನಂತೆ ಆಗುತ್ತದೆಂದು ನಂಬಿಕೆ. ನಾಯಕನಂತೆ ಆದ ಮಗು ಎಷ್ಟು ವರ್ಷ ಬದುಕುತ್ತದೆ ಎಂದು ಯಾವ ತಾಯಿಯೂ ಯೋಚಿಸಿದಂತೆ ನನಗೆ ಕಾಣಲಿಲ್ಲ.

ನಾನು ವರದಿಯಲ್ಲಿ ಬರೆದೆ: "ಒಂದು ಎಲೆ, ಎರಡು ಹೋಳು ಅಡಿಕೆ ಕೊಟ್ಟಿದ್ದರೆ ಏಳುನೂರು ಮಂದಿ ಮರುದಿನ ಬೆಳಿಗ್ಗೆ ರೊಟ್ಟಿ ತಿನ್ನುತ್ತಿದ್ದರು. ಇವನನ್ನು ಮಹಾವೀರ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ." ಸಂಪಾದಕರು ಒಂದಕ್ಷರವನ್ನೂ ಹೊಡೆಯದೆ ಹಾಕಿದರು. ಕಂಪ್ಲಿಯಲ್ಲಿ ಒಂದು ತಿಂಗಳು ನಮ್ಮ ಪತ್ರಿಕೆಯನ್ನು ಯಾರೂ ಮುಟ್ಟಲಿಲ್ಲ.

ಆ ವಾರ ನಾಯಕನೇ ನನ್ನ ಮನೆಗೆ ಬಂದ. ಪಾತ್ರ ಮಾಡುತ್ತಿದ್ದ ಹುಲುಗಪ್ಪ ಕಡ್ಡಿರಾಂಪುರದವನು. ಅವನ ಕಸುಬು ಎಲೆತೋಟ. ಹಗಲೆಲ್ಲ ವೀಳ್ಯದೆಲೆ ಕೊಯ್ದು ಕಟ್ಟು ಕಟ್ಟಿ ಕೇಳಿದವರಿಗೆಲ್ಲ ಕೊಡುವವನು, ಆಟದಲ್ಲಿ ಒಂದೇ ಒಂದು ಎಲೆ ಕೊಡಲಾರದೆ ಸಾಯುತ್ತಿದ್ದ. ಇದನ್ನು ನಾನು ಅವನಿಗೇ ಹೇಳಿದೆ. ಅವನು ನಗಲಿಲ್ಲ. ತಂದಿದ್ದ ಎಲೆಯ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು ಕೂತ.

"ರಾಯರ, ನಾಯಕ ದೊಡ್ಡಾಂವ ಅಲ್ಲ ಅಂತ ಬರದೀರಂತ. ಮತ್ಯಾರ್ರಿ ದೊಡ್ಡಾಂವ?"

ನಂಬಿದವರ ಜೀವ ಉಳಿಸಿದವನು ಎಂದೆ.

"ಬಗ್ಗಿ ಉಳಿದವರ ಆಟ ಯಾರು ನೋಡ್ತಾರ್ರಿ? ನಾ ದಿನಾ ಬಗ್ಗತೀನಿ. ಬಳ್ಳಿಗೆ ಬಗ್ಗತೀನಿ, ಗೌಡಗ ಬಗ್ಗತೀನಿ, ತ್ವಾಟದ ಧಣಿಗೆ ಬಗ್ಗತೀನಿ. ವರ್ಷದಾಗ ನಾಕು ದಿನ ಬಗ್ಗದ ನಿಂತ್ರ ನಿಮಗೇನ್ರಿ ತ್ರಾಸು?"

ಅವನ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಪತ್ರಿಕೆಗೆ ಕಳಿಸಲಿಲ್ಲ. ಅವನ ಕಡೆಯ ವಾದವನ್ನೂ ಅಚ್ಚಿಗೆ ಕೊಡಬೇಕಿತ್ತು. ಹೊಸಬರು ನನ್ನ ತಪ್ಪುಗಳ ಪಟ್ಟಿ ಮಾಡುವುದಾದರೆ ಇದನ್ನೂ ಸೇರಿಸಲಿ. ನಮ್ಮಿಬ್ಬರ ಸ್ನೇಹ ಮಾತ್ರ ಅಂದಿನಿಂದ ಬೆಳೆಯಿತು. ಆಟವಿದ್ದಾಗಲೆಲ್ಲ ಬಣ್ಣದ ಮನೆಗೆ ಹೋಗಿ ಅವನನ್ನು ಕೆಣಕುವುದು ನನಗೆ ರೂಢಿಯಾಯಿತು. ಒದೆಯುವ ತಟ್ಟೆಗೆ ಅವನು ತೂತುಬಿದ್ದ, ಹಣ್ಣಾದ ಎಲೆಗಳನ್ನೇ ತರುತ್ತಿದ್ದ. "ಒದಿಯೋ ಎಲಿಗೆ ಚಂದ ಯಾಕ್ರಿ ರಾಯರ" ಎನ್ನುತ್ತಿದ್ದ.

ವರ್ಷಗಳು ಹೋದವು. ಎರಡನೆಯ ಮಹಾಯುದ್ಧ ಬಂತು. ಸೈನ್ಯಕ್ಕೆ ಜನ ಸೇರಿಸುವ ಅಧಿಕಾರಿಯೊಬ್ಬರು ಹೊಸಪೇಟೆಗೆ ಬಂದು ಎರಡು ದಿನ ತಮಟೆ ಬಾರಿಸಿದರೂ ಹೇಳಿಕೊಳ್ಳುವಂಥ ಗುಂಪು ಕೂಡಲಿಲ್ಲ. ಯಾರೋ ಅವರ ಕಿವಿಯಲ್ಲಿ ಎರೆಯಪ್ಪ ನಾಯಕನ ಹೆಸರು ಊದಿದರು. ಸಾಹೇಬರಿಗೆ ಕನ್ನಡ ಬಾರದು, ಆದರೆ ಸಾಯುವ ವೀರನೆಂದರೆ ಅರ್ಥವಾಯಿತು. ಆಟವನ್ನು ಮೊಟಕುಮಾಡಿ ಗುರುವಾರ ಮಧ್ಯಾಹ್ನ ಮೂರಕ್ಕೆ ಶಾಲೆಯ ಬಯಲಿನಲ್ಲಿ ಆಡಿಸುವುದೆಂದು ಗೊತ್ತಾಯಿತು. ನಾಯಕ ಸತ್ತ ಕೂಡಲೆ, ಜನರ ಕಣ್ಣೀರು ಆರುವ ಮೊದಲು, ಪಕ್ಕದ ಮೇಜಿನಲ್ಲಿ ಹೆಸರು ಬರೆಸಿಕೊಳ್ಳುವ ಏರ್ಪಾಡು.

ಕಡ್ಡಿರಾಂಪುರದಿಂದ ಏಳು ಮಂದಿ ಅಂದೇ ಹೆಸರು ಕೊಡುತ್ತೇವೆಂದು ಮುಂಚೆಯೇ ಹೇಳಿದ್ದರು. ಅವರಲ್ಲಿ ಹುಲುಗಪ್ಪನ ಒಬ್ಬನೇ ಮಗ ನಿಂಗಪ್ಪನೂ ಇದ್ದ. ಇಪ್ಪತ್ತು ದಾಟಿದವನು, ಓದುಬರಹ ಬಲ್ಲವನು. ಬುಧವಾರ ಸಂತೆಯಲ್ಲಿ ಸಿಕ್ಕಾಗ ಮನೆಯಲ್ಲಿ ಒಪ್ಪಿದ್ದಾರೆಯೇ ಎಂದು ಕೇಳಿದೆ. "ಅಪ್ಪ ವರ್ಷಕ್ಕ ನಾಕು ಸಲ ಸಾಯ್ತಾನ. ನಾ ಒಮ್ಮೆ ಹೋಗಿ ಬರ್ತೀನಂದ್ರ ಬ್ಯಾಡ ಅನ್ನಾಕ ಅವಗ ಬಾಯಿಲ್ಲ" ಎಂದು ನಕ್ಕ. ಮಗ ಹೇಳಿದ್ದು ನಿಜ. ಹುಲುಗಪ್ಪ ಎರಡು ವಾರದಿಂದ ಮನೆಯಲ್ಲಿ ಮಾತಾಡಿರಲಿಲ್ಲ.

ಗುರುವಾರ ನಾನು ಬಣ್ಣದ ಮನೆಗೆ ಹೋದೆ. ಹುಲುಗಪ್ಪ ಭುಜಕೀರ್ತಿ ಕಟ್ಟಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ವೀಳ್ಯದ ತಟ್ಟೆ ಇತ್ತು. ತಟ್ಟೆಯಲ್ಲಿ ಎಳೆಯ, ಹೊಳೆಯುವ, ಒಂದು ಕಲೆಯೂ ಇಲ್ಲದ ಎಲೆಗಳು. ಇವತ್ತೇನು ವಿಶೇಷ ಎಂದೆ. ದೊಡ್ಡ ಮಂದಿ ಬಂದಿದ್ದಾರೆ ಎಂದಷ್ಟೇ ಹೇಳಿದ. ನಾನು ನಂಬಿದೆ. ಹದಿನೈದು ವರ್ಷ ತೂತಿನ ಎಲೆ ಒದ್ದವನು ಅಂದು ಚೊಕ್ಕ ಎಲೆ ತಂದದ್ದನ್ನು ನನ್ನ ಕಣ್ಣು ಕಂಡಿತು, ತಲೆಗೆ ಹೋಗಲಿಲ್ಲ. ಪತ್ರಿಕೆಯವನಿಗೆ ಇದಕ್ಕಿಂತ ದೊಡ್ಡ ಕುರುಡು ಬೇರೆಯಿಲ್ಲ.

ನನ್ನ ವರದಿ ಊಟಕ್ಕೆ ಮೊದಲೇ ತಯಾರಾಗಿತ್ತು. "ಮಹಾವೀರ ಎರೆಯಪ್ಪ ನಾಯಕನು ವೀಳ್ಯದ ತಟ್ಟೆಯನ್ನು ಒದ್ದಾಗ ಬಯಲು ಗುಡುಗಿತು. ಅವನು ಪ್ರಾಣ ಬಿಟ್ಟಾಗ ಒದ್ದೆಯಾಗದ ಕಣ್ಣಿರಲಿಲ್ಲ. ಶ್ರೀ ಹುಲುಗಪ್ಪನ ಅಭಿನಯ ತರುಣರ ಮನಸ್ಸನ್ನು ಹುರಿದುಂಬಿಸಿತು." 'ಮಹಾವೀರ' ಎಂದು ಬರೆದವನು ನಾನೇ. ಯುದ್ಧಕಾಲದ ಕಾರ್ಯಕ್ರಮ, ಯಾರ ಮನಸ್ಸನ್ನೂ ನೋಯಿಸುವುದು ಬೇಡ ಎನಿಸಿತ್ತು. ಆ ವಾರ ಸಂಪಾದಕರು ಜ್ವರದಿಂದ ಮಲಗಿದ್ದರು, ಕೆಂಪು ಪೆನ್ಸಿಲು ಸಹ ಮಲಗಿತ್ತು. ಐದು ಗಂಟೆಗೆ ಆಟದ ಮಧ್ಯೆ ಎದ್ದು ಸ್ಟೇಷನ್ನಿಗೆ ಹೋಗಿ ಗಾರ್ಡಿನ ಕೈಗೆ ಲಕೋಟೆ ಕೊಟ್ಟೆ. ರೈಲು ಹೊರಟಿತು. ನಾನು ಸಾವಕಾಶವಾಗಿ ನಡೆದು ಬಯಲಿಗೆ ಹಿಂದಿರುಗಿದೆ.

ತಟ್ಟೆ ಆಗತಾನೆ ಬಂದಿತ್ತು. ದಂಡನಾಯಕನಾಗಿದ್ದ ಕಂಬಾರ ಈರಣ್ಣ ಷರತ್ತು ಕೂಗಿ ಹೇಳಿ, ಎಲೆ ಮೈಮೇಲೆ ಬೀಳದಂತೆ ರೂಢಿಯ ಪ್ರಕಾರ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಹೆಂಗಸರು ಸೆರಗು ಬಿಗಿದು ಮುಂದೆ ಬಂದರು. ಹುಲುಗಪ್ಪ ಒದೆಯಲಿಲ್ಲ. ಬಗ್ಗಿ ಒಂದು ಎಲೆ ತೆಗೆದುಕೊಂಡ. ತೊಡೆಗೆ ಒರೆಸಿದ. ಹೆಬ್ಬೆರಳಿನಿಂದ ಸುಣ್ಣ ಸವರಿದ. ಅಡಿಕೆ ಇಟ್ಟು ಮಡಚಿದ. ಮದ್ದಳೆಯವನ ಕೈ ನಿಂತುಹೋಯಿತು.

ಈರಣ್ಣನಿಗೆ ಇದರ ಮುಂದಿನ ಮಾತು ಗೊತ್ತಿಲ್ಲ, ಏಕೆಂದರೆ ಇದರ ಮುಂದೆ ಮಾತೇ ಇಲ್ಲ. "ಒದಿಯೋ ಮಾರಾಯ" ಎಂದು ಅವನು ಪಿಸುಗುಟ್ಟಿದ್ದು ನಾಲ್ಕನೆಯ ಸಾಲಿನವರೆಗೆ ಕೇಳಿಸಿತು.

"ತಗೋ" ಎಂದ ಹುಲುಗಪ್ಪ, ಆಟದ ದನಿಯಲ್ಲಲ್ಲ, ತೋಟದ ದನಿಯಲ್ಲಿ. "ತಗೊಂಡು ನಿನ್ನ ದಂಡು ಹಿಂದಕ್ಕ ಕರಕೊಂಡು ಹೋಗು. ನಮ್ಮ ಮಂದಿಗೆ ಉಣ್ಣೋ ಹೊತ್ತಾಗೇತಿ."

ಚಾಚಿದ ವೀಳ್ಯವನ್ನು ಯಾರು ತಾನೇ ಬೇಡ ಎನ್ನುತ್ತಾರೆ? ಈರಣ್ಣ ಇಸಿದುಕೊಂಡು ಬಾಯಿಗೆ ಹಾಕಿಕೊಂಡ. ಬಾಯಿ ತುಂಬಿದ ಮೇಲೆ ದಂಡನಾಯಕನಿಂದ ಯುದ್ಧ ಸಾರುವುದು ಆಗಲಿಲ್ಲ. ಆಟದ ಮಾಸ್ತರ ಬೇರೆ ದಾರಿ ಕಾಣದೆ ಮಂಗಳ ಹಾಡಿಬಿಟ್ಟ. ಸಾಹೇಬರು ಇದು ಗೆಲುವೆಂದು ತಿಳಿದು ಎದ್ದುನಿಂತು ಚಪ್ಪಾಳೆ ತಟ್ಟಿದರು. ಜನರಲ್ಲಿ ಕೆಲವರು ನಕ್ಕರು, ಹಲವರು ಬೈದರು. ಹೆಂಗಸರು ಬರಿಗೈಯಲ್ಲಿ ಹಿಂದೆ ಸರಿದರು. ಮೇಜಿನ ಮುಂದೆ ಗುಮಾಸ್ತ ಲೇಖನಿ ಹಿಡಿದು ಕೂತೇ ಇದ್ದ. ಕಡ್ಡಿರಾಂಪುರದ ಏಳು ಮಂದಿಯಲ್ಲಿ ಆರು ಮಂದಿ ಎಲ್ಲಿ ಕರಗಿದರೋ ತಿಳಿಯಲಿಲ್ಲ.

ನಿಂಗಪ್ಪ ಕರಗಲಿಲ್ಲ. ಸಿಟ್ಟಿನಿಂದ ಬಿಳಿಚಿಕೊಂಡು ಆಟದ ಅಟ್ಟದ ಹತ್ತಿರ ಬಂದ. "ಊರ ಮುಂದ ಮಾನ ಕಳದಿ ಅಪ್ಪ. ನಾಯಕ ಅನಿಸಿಕೊಂಡಾಂವ ಯಾವನಾರ ಹಿಂಗ ಮಾಡ್ತಾನೇನು?"

ಹುಲುಗಪ್ಪ ಕಿರೀಟ ಬಿಚ್ಚುತ್ತಿದ್ದ. "ನಾಯಕ ದೊಡ್ಡಾಂವ ಹೌದೋ ಅಲ್ಲೋ ನನಗ ಗೊತ್ತಿಲ್ಲ. ಅವನ ಜೋಡಿ ಏಳುನೂರು ಮಂದಿ ಸತ್ತರಲ್ಲ, ಅವರ ಅಪ್ಪಗೋಳು ಯಾರು ಅಂತ ಇಷ್ಟು ವರ್ಷ ಆಡಿದ್ರೂ ನಾ ಕೇಳಿದ್ದಿಲ್ಲ. ಈಗ ಒಬ್ಬನ ಹೆಸರು ಗೊತ್ತಾತು."

ಮಗ ಅದಕ್ಕೆ ಮರುಗಲಿಲ್ಲ. ಸೋಮವಾರ ಬಳ್ಳಾರಿಗೇ ಹೋಗಿ ಹೆಸರು ಕೊಡುತ್ತೇನೆಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟ.

ನನ್ನ ಲಕೋಟೆ ಆಗ ಅರ್ಧ ದಾರಿಯಲ್ಲಿತ್ತು. ತಂತಿ ಕಚೇರಿಗೆ ಓಡಿದೆ. "ನಾಯಕ ಸಾಯಲಿಲ್ಲ, ವರದಿ ತಡೆಯಿರಿ" ಎಂಬರ್ಥದ ತಂತಿ ಬರೆದುಕೊಟ್ಟೆ. ಗುಮಾಸ್ತರು ಅದನ್ನು ಎರಡು ಸಲ ಓದಿ, ಈ ನಾಯಕ ಯಾರು, ಯಾವ ಊರಿನವನು, ಅವನನ್ನು ಕೊಲ್ಲಬೇಕೆಂದಿದ್ದವರು ಯಾರು ಎಂದು ವಿಚಾರಿಸಿದರು. ಯುದ್ಧಕಾಲ, ಇಂಥದ್ದನ್ನು ಪೊಲೀಸರಿಗೆ ತೋರಿಸದೆ ಕಳಿಸುವಂತಿಲ್ಲ ಎಂದರು. ಪೊಲೀಸರಿಗೆ ತೋರಿಸಿದರೆ ಹುಲುಗಪ್ಪ ಮಾಡಿದ್ದನ್ನು ನಾನೇ ದೂರು ಕೊಟ್ಟಂತೆ. ಹಾಳೆಯನ್ನು ಹಿಂದಕ್ಕೆ ಪಡೆದು ಹರಿದುಹಾಕಿದೆ. ಶುಕ್ರವಾರದ ಪತ್ರಿಕೆಯಲ್ಲಿ ನಾಯಕ ಭರ್ಜರಿಯಾಗಿ ಸತ್ತ.

ಆದರೆ ತಿದ್ದುಪಡಿಯ ಅಭ್ಯಾಸ ರಕ್ತಕ್ಕೆ ಇಳಿದಿತ್ತು. ಶುಕ್ರವಾರವೇ ಮೂರು ಸಾಲು ಬರೆದು ಮೇಜಿನ ಮೇಲಿಟ್ಟೆ. ಶನಿವಾರ ಸಬ್ ಇನ್ಸ್‌ಪೆಕ್ಟರು ಪತ್ರಿಕೆ ಹಿಡಿದು ಮನೆಗೆ ಬಂದರು. ಒಬ್ಬ ಆಟಗಾರ ಸೈನ್ಯಕ್ಕೆ ಸೇರುವವರನ್ನು ಬೇಕೆಂದೇ ತಡೆದನೆಂದು ಮೇಲಿನವರಿಗೆ ಮೂಗರ್ಜಿ ಹೋಗಿತ್ತು. ನಿಜವೆಂದು ಕಂಡರೆ ಜೈಲು.

ನೀವು ಅಂದು ಬಯಲಿನಲ್ಲಿಯೇ ಇದ್ದಿರಲ್ಲ ಎಂದು ನಾನು ನೆನಪಿಸಿದೆ. "ನಾ ಮಂದಿ ಕಡೆ ಮುಖ ಮಾಡಿ ನಿಂತಿದ್ದೆ, ರಾಯರ. ಬೆನ್ನ ಹಿಂದ ಆದದ್ದು ನನಗೆಂಗ ಗೊತ್ತಾಗಬೇಕು?" ಎಂದರು. ಆಮೇಲೆ ಪತ್ರಿಕೆಯ ಮೇಲೆ ಬೆರಳಿಟ್ಟರು. "ಇದು ನೀವ ಬರದದ್ದಲ್ಲ?"

ಹೌದು ಎಂದೆ.

"ತಿದ್ದುಪಡಿ ಏನಾರ ಬರೋದೈತೇನು?"

ತಿದ್ದುಪಡಿ ಅವರ ಮೊಣಕೈಯ ಕೆಳಗೇ ಇತ್ತು. ಇಲ್ಲ ಎಂದೆ. ಅದನ್ನು ಬರೆದುಕೊಂಡು, ಪತ್ರಿಕೆಯನ್ನು ಅರ್ಜಿಗೆ ಲಗತ್ತಿಸುತ್ತೇನೆಂದು ಹೇಳಿ ಹೋದರು.

ಹೊಸಬರು ಹೀಗೆ ಮಾಡಬಾರದು ಎಂದು ಇಲ್ಲಿ ನಾನು ಬರೆಯಬೇಕು. ಬರೆಯಲು ಪೆನ್ನು ಎತ್ತಿದಾಗಲೆಲ್ಲ ಮನಸ್ಸು ಒಪ್ಪುವುದಿಲ್ಲ. ನನ್ನ ಲೆಕ್ಕಣಿಕೆಯಿಂದ ಹೋದ ಸುಳ್ಳುಗಳಲ್ಲಿ ಗೊತ್ತಿದ್ದೂ ಉಳಿಸಿದ್ದು ಅದೊಂದೇ. ಸಂಪಾದಕರಿಗೆ ಕೊನೆಯವರೆಗೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹುಲುಗಪ್ಪ ಬಂದ. ಜೊತೆಯಲ್ಲಿ ನಿಂಗಪ್ಪನೂ ಇದ್ದ, ವರದಿಯನ್ನು ಅಪ್ಪನಿಗೆ ಓದಿ ಹೇಳಿದವನು ಅವನೇ. ಹುಲುಗಪ್ಪ ಕೂರಲಿಲ್ಲ.

"ನಾ ತಟ್ಟಿ ಒದ್ದೆ ಅಂತ ಬರದೀರಲ್ರಿ. ನಾ ಎಲ್ಲಿ ಒದ್ದೆ?"

ನಡೆದದ್ದನ್ನು ಹೇಳಿದೆ. ರೈಲು, ಗಾರ್ಡು, ಲಕೋಟೆ. ನನ್ನ ಇಷ್ಟು ವರ್ಷದ ಕಸುಬಿನ ಗುಟ್ಟು ಒಬ್ಬ ಎಲೆತೋಟದವನ ಮುಂದೆ ಬಿಚ್ಚಿಟ್ಟದ್ದು ಅದೇ ಮೊದಲು. ಮೇಜಿನ ಮೇಲಿದ್ದ ಮೂರು ಸಾಲನ್ನು ನಿಂಗಪ್ಪ ತಾನಾಗಿ ಕೈಗೆತ್ತಿಕೊಂಡು ಓದಿದ. ನಾಯಕನು ತಟ್ಟೆಯನ್ನು ಒದೆಯಲಿಲ್ಲ, ವೀಳ್ಯ ಕೊಟ್ಟನು, ಯಾರೂ ಸಾಯಲಿಲ್ಲ, ತಪ್ಪಿಗಾಗಿ ವಿಷಾದಿಸುತ್ತೇವೆ. ಹುಲುಗಪ್ಪನ ಮುಖ ಅರಳಿತು. ಇದನ್ನೇ ಹಾಕಿರಿ ಎಂದ.

ಹಾಕಿದರೆ ನಿನ್ನನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಇನ್ಸ್‌ಪೆಕ್ಟರು ಬಂದ ಸಂಗತಿ ತಿಳಿಸಿದೆ.

"ಹೋಗ್ಲಿ ಬಿಡ್ರಿ. ಊರ ಮಂದಿ ಕಡೆ ಬೈಸಿಕೊಂಡು ವೀಳ್ಯ ಕೊಟ್ಟೀನಿ. ಇಲ್ಲ, ಒದ್ದಾನ ಅಂತ ನಿಮ್ಮ ಪೇಪರು ಹೇಳ್ತೈತಿ. ಮುಂದ ಓದಾವ್ರಿಗೆ ನಾನೂ ಆ ನಾಯಕನೂ ಒಂದಾ ಆದಂಗಾತು. ಜೇಲಿಗೆ ಹಾಕ್ಲಿ. ನಾ ಬಗ್ಗಂಗಿಲ್ಲ."

ಆಟದಲ್ಲಿ ಅವನು ಎಂದೂ ಅಷ್ಟು ಚೆನ್ನಾಗಿ ಆ ಮಾತು ಹೇಳಿರಲಿಲ್ಲ. ಎಡಗಾಲು ಕೂಡ ಒಂದು ಹೆಜ್ಜೆ ಮುಂದೆ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ನಿಂಗಪ್ಪ ಮಾತಾಡಿದ. ಗುರುವಾರದ ಸಿಟ್ಟು ಅವನ ದನಿಯಲ್ಲಿರಲಿಲ್ಲ.

"ಅಪ್ಪ, ನನಗ ಎಲ್ಲಿಗೂ ಹೋಗಬ್ಯಾಡ ಅಂತಿ. ನೀ ಮಾತ್ರ ಜೇಲಿಗೆ ಹೊಂಟು ನಿಂತಿ. ಅವ್ವಗ ಏನು ಹೇಳ್ಲಿ?"

ಹುಲುಗಪ್ಪ ಮುಂದೆ ಬಂದಿದ್ದ ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡ.

"ಈ ಚೀಟಿ ನೀ ಬಿಡು. ನಾಳಿ ಬಳ್ಳಾರಿಗೆ ಹೋಗೋದು ನಾ ಬಿಡ್ತೀನಿ. ನೀ ಬಿಡಲಿಲ್ಲಂದ್ರ ನಾನೂ ಬಿಡಂಗಿಲ್ಲ. ನಾ ನಿನ್ನ ಮಗ."

ಹುಲುಗಪ್ಪ ಕಿಟಕಿಯ ಕಡೆ ತಿರುಗಿದ. ಹೊರಗೆ ಯಾವುದೋ ಬಂಡಿ ಹೋಗುತ್ತಿತ್ತು, ಅದು ಬೀದಿಯ ಕೊನೆ ತಿರುಗುವವರೆಗೂ ನೋಡುತ್ತ ನಿಂತ. ಕಪ್ಪ ಕೇಳದ, ಕೋಟೆ ಕೇಳದ ದಂಡನಾಯಕನಂತೆ ಮಗ ಚೀಟಿ ಹಿಡಿದು ಕಾಯುತ್ತಿದ್ದ. ನಾನು ಅಷ್ಟು ಹೊತ್ತು ಕಾದು ವರದಿ ಮಾಡಿದ ಇನ್ನೊಂದು ಸಂದರ್ಭ ನನಗೆ ನೆನಪಿಲ್ಲ.

"ಹಂಗಾರ ಸತ್ತೆ ಅಂತಾನ ಇರ್ಲಿ ಬಿಡ್ರಿ ರಾಯರ" ಎಂದ ಹುಲುಗಪ್ಪ. ಮಗನ ಬೆನ್ನ ಮೇಲೆ ಕೈಯಿಟ್ಟು ಬಾಗಿಲ ಕಡೆ ತಳ್ಳಿದ. "ನಡಿಯಪ್ಪ, ಕಾಲುವಿ ನೀರಿನ ಪಾಳಿ ಇವತ್ತು ನಮ್ದು."